ಕಾವಿ ಹಚ್ಚದ ಮಳೆಮರ

ಪಕ್ಕದ ಮನೆಯ ಮಾಮನ ಕತ್ತಿನ ಹಿಂದೆ ಆಳವಾದ ಮಡಿಕೆಗಳಿದ್ದವು. ಸದಾ ಮುಖ ಮೇಲೆತ್ತಿ ಮರ ನೋಡುವವರಿಗೆ ಇನ್ನೇನಾಗಬೇಕು? ಉಡುಪಿ ಕಡೆಯವರು. ಮುಂಬೈ ಪಕ್ಕದ ಠಾಣೆ ಊರಿನ ರೈಲ್ವೆ ಸ್ಟೇಷನ್ ಹತ್ತಿರದ ಹೋಟೆಲನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ಬೆಳಗಾದರೆ ಯೇವೂರ್ ಗುಡ್ಡಕ್ಕೆ ಹಕ್ಕಿ ನೋಡಲು ಹೊರಡುತ್ತಿದ್ದರು.

ಕೊನೆಗೆ ಕತ್ತು ಕೈಕೊಟ್ಟಿತು. ಡಾಕ್ಟರು ಕಾಲರ್ ಹಾಕಿ, ಇನ್ನು ತಲೆ ಎತ್ತಿ ನೋಡುವುದು ಬಂದ್ ಎಂದರು. ಇನ್ನಾದರೂ ಮನೆಯಲ್ಲಿರುತ್ತಾರೆಂದು ಮಾಮಿ ದೇವರಿಗೆ ತುಪ್ಪದ ದೀಪ ಹಚ್ಚಿದರು.

ಮಾಮ ಸೋಲುವ ಆಸಾಮಿಯೇ? ನಮ್ಮ ಹೌಸಿಂಗ್ ಸೊಸೈಟಿಯ ಅಂಗಳದ ಮಳೆಮರದೆದುರು ಪ್ಲಾಸ್ಟಿಕ್ ಕುರ್ಚಿ ಹಾಕಿ ಕುಳಿತರು. ಗುಡ್ಡದಿಂದ ಬರುವ ನೀಲಿ ಬೆನ್ನಿನ ಪುಟ್ಟ ಹಕ್ಕಿಯೊಂದು, ಪುಸ್ತಕದ ಪ್ರಕಾರ ನಟ್‌ಹ್ಯಾಚ್, ಆ ಕಾಂಡದ ಮೇಲೆ ತಲೆಕೆಳಗಾಗಿಯೇ ನಡೆದು ಇಳಿಯುತ್ತಿತ್ತು. ತೊಗಟೆಯ ಸಂದಿಯಲ್ಲಿ ಹುಳ, ಜೇಡ ಹೆಕ್ಕುತ್ತ ಮಾಮನ ಕಣ್ಣಿನ ಮಟ್ಟಕ್ಕೆ ಬಂದುಬಿಡುತ್ತಿತ್ತು.

"ಮರ ಹತ್ತುವ ಹಕ್ಕಿ ಬೇಕಾದಷ್ಟು ಉಂಟು ಮಾರಾಯ್ತಿ," ಎಂದು ನನಗೆ ಹೇಳುತ್ತಿದ್ದರು. "ಹೀಗೆ ಇಳಿಯುದು ಇದೊಂದೇ. ನನಗೋಸ್ಕರ ಇಳಿಯುದು, ಗೊತ್ತುಂಟಾ?"

ಗೊತ್ತಿತ್ತು. ಅವರ ಪಾಲಿಗೆ ಉಳಿದದ್ದು ಅದೊಂದೇ ಹಕ್ಕಿ ಎಂಬುದೂ ಗೊತ್ತಿತ್ತು.

ಹಳೆಯ ಬಣ್ಣ ಮಳೆಗೆ ತೊಳೆದುಹೋದ ಮೇಲೆ, ದೀಪಾವಳಿಗೆ ಮುಂಚೆ ಮರಗಳಿಗೆ ಆಳೆತ್ತರ ಕಾವಿ ಬಳಿದು, ಮೇಲೊಂದು ಸುಣ್ಣದ ಪಟ್ಟಿ ಎಳೆಯುವುದು ನಮ್ಮ ಸೊಸೈಟಿಯ ಪದ್ಧತಿ. ಚಂದ ಕಾಣುತ್ತದಂತೆ. ತೊಗಟೆಯ ಸಂದಿ ಮುಚ್ಚಿದರೆ ಹುಳವಿಲ್ಲ, ಹುಳವಿಲ್ಲದಿದ್ದರೆ ಹಕ್ಕಿ ಅಷ್ಟು ಕೆಳಗೇಕೆ ಬಂದೀತು? ಆ ವರ್ಷ ಸೆಕ್ರೆಟರಿ ಬಣ್ಣದವನನ್ನು ಕರೆತಂದಾಗ ಮಾಮ ಕುರ್ಚಿ ಎಳೆದು, ಕಾಂಡಕ್ಕೆ ಬೆನ್ನು ಒತ್ತಿ ಕುಳಿತರು.

"ಕಾಕಾ, ಹರ್ ಸಾಲ್ ಲಗಾತೇ ಹೈ," ಎಂದ ಸೆಕ್ರೆಟರಿ, ಪ್ರತಿ ವರ್ಷ ಹಚ್ಚುವುದೇ ತಾನೇ ಎಂಬಂತೆ.

"ಲಗಾವ್. ಪೆಹಲೇ ಮೇರೇಕೋ ಲಗಾವ್," ಎಂದರು ಮಾಮ. ಹಚ್ಚು, ಮೊದಲು ನನಗೇ ಹಚ್ಚು ಅಂತ. ಆಮೇಲೆ ಇಡೀ ಮೈಯನ್ನೇ ನನ್ನ ಕಡೆ ತಿರುಗಿಸಿ, "ನೀನೆಂತ ನೋಡುದು? ಇನ್ನೊಂದು ಕುರ್ಚಿ ತಾ. ಆಚೆ ಬದಿ ಖಾಲಿ ಉಂಟು."

ಸೊಸೈಟಿ ಮೀಟಿಂಗಿನಲ್ಲಿ ಒಮ್ಮೆಯೂ ಬಾಯಿ ಬಿಡದ ನಾನು ಕುರ್ಚಿ ತಂದು ಆಚೆ ಬದಿ ಕುಳಿತೆ. ಬಣ್ಣದವನು ಸ್ವಲ್ಪ ಹೊತ್ತು ಕಾದು ಉಳಿದ ಮರಗಳಿಗೆ ಬಳಿದು ಹೋದ. ಆಮೇಲಿನ ವರ್ಷಗಳಲ್ಲೂ ನಾವಿಬ್ಬರೂ ಹಾಗೆಯೇ ಕುಳಿತೆವು.

ಕಳೆದ ಬೇಸಿಗೆಯಲ್ಲಿ ಮಾಮ ತೀರಿಕೊಂಡರು. ಅವರ ಕುರ್ಚಿ ಅಂಗಳದಲ್ಲೇ ಉಳಿಯಿತು. ದೀಪಾವಳಿಗೆ ಬಣ್ಣದ ಬಕೆಟ್ ಬಂದಾಗ ಅದೇ ಕುರ್ಚಿಯನ್ನು ಕಾಂಡಕ್ಕೆ ಒತ್ತಿ ಕುಳಿತೆ.

"ಭಾಭೀ, ಅಬ್ ತೋ ಕಾಕಾ ನಹೀ ರಹೇ," ಎಂದ ಸೆಕ್ರೆಟರಿ, ಕಾಕಾ ಇಲ್ಲದ ಮೇಲೆ ಇನ್ನೇಕೆ ಎಂಬಂತೆ.

"ಪಂಛೀ ಹೈ ನಾ," ಎಂದೆ. ಹಕ್ಕಿ ಇದೆಯಲ್ಲ.

ಸೆಕ್ರೆಟರಿಯೂ ಬಣ್ಣದವನೂ ಮುಂದಿನ ಮರಕ್ಕೆ ಹೋದರು. ನಾನು ಕುರ್ಚಿಯನ್ನು ಮಾಮ ಇಡುತ್ತಿದ್ದ ಜಾಗಕ್ಕೆ ಎಳೆದು, ಮರಕ್ಕೆ ಮುಖ ಮಾಡಿ ಕುಳಿತೆ. ನನ್ನ ಕತ್ತಿಗೇನೂ ಆಗಿಲ್ಲ. ಆದರೂ ತಲೆ ಎತ್ತದೆ ಕಾದೆ. ಹಕ್ಕಿ ಇಳಿದು ಬಂತು.