ದೊಡ್ಡಮ್ಮನ ಸೂಜಿ ಕಾವಲು

ನಮ್ಮ ದೊಡ್ಡಮ್ಮನಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಆದರೆ ಕನಕಪುರದ ನನ್ನ ಟ್ಯಾಟೂ ಅಂಗಡಿಯಲ್ಲಿ ಅವಳ ಅಪ್ಪಣೆಯಿಲ್ಲದೆ ಒಂದು ಸೂಜಿಯ ಪ್ಯಾಕೆಟ್ಟೂ ತೆರೆಯುತ್ತಿರಲಿಲ್ಲ. ಗಿರಾಕಿ ಕುರ್ಚಿಯಲ್ಲಿ ಕೂತರೆ ಸಾಕು, ಬಾಗಿಲ ಪಕ್ಕದ ಸ್ಟೂಲಿನಿಂದ ಕೂಗು ಬರುತ್ತಿತ್ತು: “ತಾರೀಕು ಓದಮ್ಮಿ, ಜೋರಾಗಿ!” ಆ ಸೂಜಿ ಯಾವ ತಿಂಗಳವರೆಗೆ ಬಳಕೆಗೆ ಯೋಗ್ಯ ಎಂದು ನಾನು ಓದಬೇಕು, ಗಿರಾಕಿ ಕಣ್ಣಾರೆ ನೋಡಬೇಕು, ಆಮೇಲೆ ಪ್ಯಾಕೆಟ್ ಹರಿಯಬೇಕು. ದೇವಸ್ಥಾನದಲ್ಲಿ ಸಂಕಲ್ಪ ಹೇಳಿಸುವವರೂ ಇಷ್ಟು ಕಟ್ಟುನಿಟ್ಟಾಗಿರಲಾರರು.

ಪುಟ್ಟಲಿಂಗಮ್ಮ ಅವಳ ಹೆಸರು, ನನ್ನ ತಾಯಿಯ ಅಕ್ಕ. ಬದುಕೆಲ್ಲ ರೇಷ್ಮೆ ಹುಳ ಸಾಕಿದವಳು. ನಾನು ಬೆಂಗಳೂರಿನಲ್ಲಿ ಟ್ಯಾಟೂ ಕೆಲಸ ಕಲಿತು ಬಂದಾಗ ಊರವರೆಲ್ಲ “ಹೆಣ್ಣುಮಗಳು ಗಂಡಸರ ತೋಳು ಹಿಡ್ಕೊಂಡು ಚುಚ್ತಾಳಂತೆ” ಎಂದು ಮೂಗು ಮುರಿದರು. ಇವಳೊಬ್ಬಳು ರಸ್ತೆ ಕಡೆಗಿದ್ದ ತನ್ನ ಮನೆಯ ಮುಂದಿನ ಕೋಣೆ ಬಿಟ್ಟುಕೊಟ್ಟಳು. ತನ್ನ ಮುಂಗೈಯ ಹಸಿರು ಹಚ್ಚೆ ತೋರಿಸಿ, “ನಂಗೆ ಹಾಕ್ದೋಳೂ ಹೆಂಗ್ಸೇ ಕಣಮ್ಮಿ. ಒಂದೇ ಸೂಜಿಲಿ ಕೇರಿಗೆಲ್ಲ ಚುಚ್ಚಿದ್ಲು. ಆರು ತಿಂಗ್ಳು ಕೈ ಕೀವು ಸೋರ್ತು. ನೀನು ಅಂಗ್ ಮಾಡಿದ್ರೆ ಇಲ್ಲಿಂದ ಓಡಿಸ್ಬುಡ್ತೀನಿ” ಎಂದಳು. ಬಾಡಿಗೆ ಕರಾರೆಂದರೆ ಅದೊಂದೇ.

ಹುಳದ ಮನೆಯ ಮಡಿ ಗೊತ್ತಿರುವವರಿಗೆ ಅವಳ ಕಾಟ ಅರ್ಥವಾಗುತ್ತದೆ. ಹುಳ ಮೇಯುವ ಕೋಣೆಗೆ ಹೊರಗಿನವರು ಕಾಲಿಡುವಂತಿಲ್ಲ; ಮನೆಯವರೂ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕಾಲದ್ದಿ, ಕೈ ತೊಳೆದೇ ಒಳಗೆ ಹೋಗಬೇಕು. ನಾನು ಗ್ಲೌಸ್ ಹಾಕಿದ ಕೈಯಲ್ಲಿ ಫೋನ್ ಮುಟ್ಟಿದರೆ ಅವಳ ಪಾಲಿಗೆ ಅದು ಚಪ್ಪಲಿ ಹಾಕಿಕೊಂಡು ಹುಳದ ಮನೆಗೆ ನುಗ್ಗಿದಂತೆ. “ಬಿಚ್ಚಾಕು ಅದ! ಕೈ ತೊಳ್ದು ಹೊಸದು ಹಾಕ್ಕೊ” ಎಂದು ಗಿರಾಕಿಯ ಮುಂದೆಯೇ ಗದರುವಳು. “ಬಾಯಿಲ್ಲದ ಹುಳಕ್ಕೆ ಇಷ್ಟು ಮಾಡ್ತೀವಿ. ಮನುಸ್ರಿಗೆ ಬಾಯೈತೆ, ಆದ್ರೂ ನಾಚ್ಕೆಗೆ ಕೇಳಾಕಿಲ್ಲ. ಅವ್ರ ಪರ್ವಾಗಿ ನಾನು ಕೇಳ್ತೀನಿ.”

ಒಮ್ಮೆ ನನಗೂ ಕೆಟ್ಟ ಕೋಪ ಬಂದಿತ್ತು. ಓದಲು ಬಾರದ ಮುದುಕಿಗೆ ಏನು ಗೊತ್ತಾದೀತೆಂದು ಪ್ಯಾಕೆಟ್ ನೋಡದೆ ಬಾಯಿಗೆ ಬಂದ ತಿಂಗಳು ಹೇಳಿಬಿಟ್ಟೆ. “ಸುಳ್ಳು” ಎಂದಳು. ಹೇಗೆ ಗೊತ್ತಾಯಿತೆಂದು ಕೇಳಿದರೆ, “ನಿನ್ ಕಣ್ಣು ಕಿಟ್ಕಿ ಕಡೆ ಇತ್ತಲ್ಲ, ತಾರೀಕು ಅಲ್ಲಿ ಬರ್ದಿತ್ತಾ?” ಕುರ್ಚಿಯಲ್ಲಿದ್ದ ಗಿರಾಕಿ ನಗು ತಡೆಯಲಾರದೆ ಕೆಮ್ಮಿದ.

ಅಂಗಡಿ ಇನ್ನೂ ಕಣ್ಣು ಬಿಡುತ್ತಿದ್ದ ಕಾಲ. ಪಕ್ಕದ ಹಳ್ಳಿಯ ಕಬಡ್ಡಿ ತಂಡದ ಐದು ಹುಡುಗರು ಬಂದರು. ಐವರಿಗೂ ತೋಳಿನ ಮೇಲೆ ಒಂದೇ ಗುರುತು ಬೇಕು. ಅವರ ನಾಯಕ ಕೆಂಪರಾಜು ಮೊದಲಿಗನಾಗಿ ಕುರ್ಚಿ ಹತ್ತಿ ಕೂತು ಹೇಳಿದ: “ಅಕ್ಕ, ಒಂದೇ ಸೂಜಿಲಿ ಐದು ಜನಕ್ಕೂ ಹಾಕ್ಬುಡಿ. ನಾವು ಒಂದೇ ರಕ್ತ ಆಗ್ಬೇಕು. ದೇವ್ರ ಮುಂದೆ ಮಾತಾಗೈತೆ.”

ಆಗಲ್ಲ ಎಂದೆ. “ಹಂಗಾದ್ರೆ ಬ್ಯಾರೆ ಕಡೆ ಹೋಗ್ತೀವಿ ಬುಡಿ” ಎಂದು ಎದ್ದ. ಅದುವರೆಗೆ ನನ್ನಲ್ಲಿ ಐದು ಜನ ಒಟ್ಟಿಗೆ ಬಂದದ್ದೇ ಇಲ್ಲ. ಇವರು ಹೋದರೆ ಊರೆಲ್ಲ ಸಾರುತ್ತಾರೆ, ಅಂಗಡಿ ಮುಚ್ಚಿದಂತೆಯೇ. ನಿಜ ಹೇಳುತ್ತೇನೆ, ಸೂಜಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಸಾಗಿಸಿದರೆ ಏನಾದೀತು ಎಂದು ನನ್ನ ಮನಸ್ಸು ಒಂದು ಗಳಿಗೆ ಜಾರಿತು. ದೊಡ್ಡಮ್ಮ ನನ್ನ ಮುಖ ನೋಡಿಯೇ ಅದನ್ನು ಹಿಡಿದಳು.

“ಏನಮ್ಮಿ, ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರಾಕೆ ಜಾಗ ಇರಾಕಿಲ್ಲ, ಗೊತ್ತಾ? ಹಿಂದೊಂದ್ಸಲ ಬೀಗರು ಅಂತ ದಾಕ್ಷಿಣ್ಯಕ್ಕೆ ಒಬ್ಬನ್ನ ಹುಳದ ಮನೆ ಒಳಕ್ ಬುಟ್ಟೆ. ಅವ್ರ ಮನೇಲಿ ಹುಳಕ್ಕೆ ರೋಗ ಇತ್ತು. ಇಡೀ ಬೆಳೆ ತಿಪ್ಪೆಗೆ ಹೋಯ್ತು.” ಆಮೇಲೆ ಹುಡುಗರ ಕಡೆ ತಿರುಗಿದಳು. “ಅಣ್ತಮ್ಮ ಆಗ್ಬೇಕೇನ್ರಪ್ಪಾ? ಒಂದೇ ತಟ್ಟೇಲಿ ಮುದ್ದೆ ಉಣ್ಣಿ. ಸೂಜಿ ಮಾತ್ರ ಐದು.”

ಒಳಗೆ ಹೋಗಿ ನಿಜಕ್ಕೂ ಮುದ್ದೆ ತೊಳಸಿದಳು. ಮದುವೆ ಮನೆಯ ಹರಿವಾಣದಲ್ಲಿ ಐದು ಮುದ್ದೆ ಇಟ್ಟು ಸೊಪ್ಪಿನ ಸಾರು ಸುರಿದಳು. ಮುಖ ಊದಿಸಿಕೊಂಡಿದ್ದ ಐವರು ಪಡಸಾಲೆಯಲ್ಲಿ ಸುತ್ತ ಕೂತು ಬೆರಳು ನೆಕ್ಕಿಕೊಂಡು ಉಂಡರು. ಆಮೇಲೆ ಐದು ಸಲ ತಾರೀಕು ಓದಿದೆ. ಸೂಜಿ ಐದು, ಬಣ್ಣದ ಬಟ್ಟಲೂ ಐದು.

ಒಂದು ವರ್ಷ ಕಳೆದ ಮೇಲೆ ಕೆಂಪರಾಜು ಒಬ್ಬನೇ ಬಂದ. ರಕ್ತದಾನಕ್ಕೆ ಹೋಗಿದ್ದಾಗ ತಪಾಸಣೆಯಲ್ಲಿ ಅವನಿಗೆ ಲಿವರ್‌ಗೆ ತಗಲುವ ಒಂದು ಬಗೆಯ ಕಾಮಾಲೆಯ ಸೋಂಕು ಇರುವುದು ಗೊತ್ತಾಗಿತ್ತು; ರಕ್ತದಿಂದ ರಕ್ತಕ್ಕೆ ಹರಡುವಂಥದ್ದು. ಮೈಯಲ್ಲಿ ಎಷ್ಟೋ ವರ್ಷದಿಂದ ಇದ್ದಿರಬಹುದು, ಅವನಿಗೇ ತಿಳಿದಿಲ್ಲ ಎಂದಿದ್ದರು ಡಾಕ್ಟರು. ಉಳಿದ ನಾಲ್ವರೂ ಪರೀಕ್ಷೆ ಮಾಡಿಸಿದ್ದರು, ನಾಲ್ವರಿಗೂ ಏನೂ ಇರಲಿಲ್ಲ.

ಅವನು ದೊಡ್ಡಮ್ಮನ ಸ್ಟೂಲಿನ ಮುಂದೆ ನೆಲದ ಮೇಲೆ ಕುಸಿದು ಕೂತ. “ಅವತ್ತು ಮೊದ್ಲು ಕುರ್ಚಿ ಮೇಲೆ ಕುಂತೋನು ನಾನೇ ಕಣವ್ವಾ” ಎಂದ. ನನಗೆ ಆ ಸ್ಪಿರಿಟ್ಟಿನ ಬಾಟಲಿ ನೆನಪಾಯಿತು.

ದೊಡ್ಡಮ್ಮ ಊಟಕ್ಕೆ ಎಬ್ಬಿಸಿದಳು. ಅವನು ಹಿಂದೆ ಸರಿದ, “ಬ್ಯಾಡ ಕಣವ್ವ, ನನ್ ತಟ್ಟೆ ದೂರ ಇಡಿ, ಮನೇಲೂ ಹಂಗೇ ಇಟ್ಟವ್ರೆ.” ಇಂಥ ಮಡಿಯವಳು ಈಗೇನು ಮಾಡುತ್ತಾಳೋ ಎಂದು ನಾನು ನೋಡುತ್ತಿದ್ದೆ.

“ಡಾಕ್ಟ್ರು ಏನಂದ್ರಪ್ಪ, ಉಣ್ಣೋದ್ರಲ್ಲಿ ಬತ್ತದಂತಾ?”

“ಇಲ್ಲ ಅಂದ್ರು.”

“ಮತ್ತೆ? ಸೂಜಿಲಿ ಬರೋದಕ್ಕೆ ಸೂಜಿ ದೂರ ಇಡ್ಬೇಕು, ಮನುಸ್ನಲ್ಲ.” ತನ್ನ ತಟ್ಟೆಯಲ್ಲೇ ಇನ್ನೊಂದು ಮುದ್ದೆ ಇಟ್ಟು ಅವನ ಎದುರಿಗೆ ಎಳೆದಳು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು. ಆ ಹುಡುಗ ಅಳುತ್ತಲೇ ಉಂಡ. ನಾನು ಗೋಡೆ ಕಡೆ ಮುಖ ಮಾಡಿ ನಿಂತೆ.

ಹೋದ ಮಾಗಿಯಲ್ಲಿ ದೊಡ್ಡಮ್ಮ ತೀರಿಕೊಂಡಳು. ಚಟ್ಟಕ್ಕೆ ಹೆಗಲು ಕೊಡಲು ಐವರೂ ಬಂದಿದ್ದರು. ಮುಂದಿನ ಎಡಗಡೆ ಕೆಂಪರಾಜುವೇ ಹಿಡಿದ. ಔಷಧಿ ನಡೆಯುತ್ತಿದೆ, ಚೆನ್ನಾಗಿದ್ದಾನೆ.

ತಿಥಿ ಮುಗಿದ ಮಾರನೆಯ ದಿನ ಅಂಗಡಿ ತೆಗೆದೆ. ಕಾಲೇಜಿನ ಹುಡುಗಿಯೊಬ್ಬಳು ಬಂದು ಕುರ್ಚಿಯಲ್ಲಿ ಕೂತಳು. ಕೈ ತೊಳೆದು ಗ್ಲೌಸ್ ಹಾಕಿಕೊಂಡು ಪ್ಯಾಕೆಟ್ ಹಿಡಿದೆ, ಕೂಗು ಬರಲಿಲ್ಲ. ನಾನೇ ಬೀದಿಗೆ ಕೇಳುವಷ್ಟು ಜೋರಾಗಿ ತಾರೀಕು ಓದಿದೆ.

ಹುಡುಗಿ ಬೆಚ್ಚಿ, “ಯಾರಿಗಕ್ಕ ಹೇಳ್ತಿದೀರಾ?” ಎಂದಳು.

ಉತ್ತರ ಕೊಡಲು ಖಾಲಿ ಸ್ಟೂಲಿನ ಕಡೆ ತಿರುಗಬೇಕಿತ್ತು. ತಿರುಗಲಿಲ್ಲ. ಕಣ್ಣು ಕಿಟಕಿ ಕಡೆಗೂ ಹೋಗದಂತೆ ಪ್ಯಾಕೆಟ್ಟಿನ ಮೇಲೆಯೇ ಇಟ್ಟಿದ್ದೆ.