ಕುಣಿಯುವ ಪುಲ್ಲಿ, ಒಂದು ತುಂಡು ಸೀಮೆಸುಣ್ಣ

ಇವತ್ತು ಬೆಳಿಗ್ಗೆ ಪಕ್ಕದ ಮನೆಯವರು ಕಾರು ಚಾಲೂ ಮಾಡಿದರು ನೋಡಿ, ಬಾನೆಟ್ಟಿನೊಳಗೆ ಬೆಲ್ಟು ಕೀಂ ಎಂದಿತು, ಹಿಂದೆಯೇ ಸುಟ್ಟ ರಬ್ಬರಿನ ವಾಸನೆ. ನನ್ನ ಕೈಯಲ್ಲಿದ್ದ ಕಾಫಿ ಹಾಗೇ ಆರಿಹೋಯಿತು. ಆ ವಾಸನೆಯ ಹಿಂದೆ ನಾನು ವರ್ಷಗಟ್ಟಲೆ ಹೇಳಿಕೊಂಡು ಬಂದ ಒಂದು ಸುಳ್ಳಿದೆ. ನಿಮಗಾದರೂ ನಿಜ ಹೇಳಿಬಿಡುತ್ತೇನೆ.

ಆಗ ಹಾರೋಹಳ್ಳಿಯಲ್ಲಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಒಂದೊಂದು ಶೆಡ್ಡು ಏಳುತ್ತಿತ್ತು. ಅಂಥದೊಂದು ಕಾರ್ಖಾನೆಯಲ್ಲಿ ನನಗೆ ತಪಾಸಣೆ ಕೆಲಸ. ತಿರುಗುವ ಭಾಗಗಳಿಗೆ ಡಯಲ್ ಗೇಜು ಹಿಡಿಯುವುದು, ಕೂದಲೆಳೆಯಷ್ಟು ಓಲಾಡಿದರೂ ಪಕ್ಕಕ್ಕೆ ಎಸೆಯುವುದು. ಚನ್ನಪಟ್ಟಣದ ಮನೆಯಿಂದ ಬಸ್ಸು ಬದಲಿಸಿ ಬದಲಿಸಿ ಹೋಗುವಷ್ಟರಲ್ಲಿ ಶಿಫ್ಟು ಶುರುವಾಗಿರುತ್ತಿತ್ತು. ಅದಕ್ಕೇ ಹಟ ಮಾಡಿ ಒಂದು ಹಳೇ ಕಾರು ಕೊಂಡೆ. ಅತ್ತೆಗೆ ಇದು ಸುತರಾಂ ಇಷ್ಟವಿರಲಿಲ್ಲ. ಹೆಂಗಸು ಒಬ್ಬಳೇ ಅಷ್ಟು ದೂರ ಗಾಡಿ ಓಡಿಸುವುದೇ, ನಡುದಾರಿಯಲ್ಲಿ ಕೆಟ್ಟು ನಿಂತರೆ ಏನು ಗತಿ? ಯಜಮಾನರು ಅವರ ಮಾತಿಗೂ ತಲೆಯಾಡಿಸುವರು, ನನ್ನ ಮಾತಿಗೂ ತಲೆಯಾಡಿಸುವರು. ಕೊನೆಗೆ ಆದ ಒಪ್ಪಂದ ಇಷ್ಟು: ಕಾರು ಕೈಕೊಟ್ಟರೆ ನಾನು ಕೆಲಸ ಬಿಡಬೇಕು. ನಾನೂ ಜಂಬದಿಂದ ಹೂಂ ಅಂದುಬಿಟ್ಟೆ.

ಆರೇ ತಿಂಗಳಿಗೆ ಎಂಜಿನ್ನು ಕಿರುಚತೊಡಗಿತು. ಗ್ಯಾರೇಜಿನವನು ಬೆಲ್ಟು ಬದಲಿಸಿದ; ವಾರದಲ್ಲಿ ಅದೂ ಸವೆಯಿತು. ಆಮೇಲೆ, ಬೆಲ್ಟು ಓಡುವ ಕೆಳಗಿನ ಪುಲ್ಲಿ ಕುಡಿದವನ ಹಾಗೆ ಓಲಾಡುವುದನ್ನು ತೋರಿಸಿ, ಅದನ್ನು ತಿರುಗಿಸುವ ಒಳಗಿನ ಕ್ರ್ಯಾಂಕ್ ಶಾಫ್ಟೇ ಬಾಗಿದೆ, ಎಂಜಿನ್ ಬಿಚ್ಚುವುದಕ್ಕಿಂತ ಗುಜರಿಗೆ ಹಾಕುವುದೇ ಮೇಲು ಎಂದ. ದಿನವಿಡೀ ಅಳೆಯುವುದೇ ಕೆಲಸವಾಗಿದ್ದ ಈ ಮಹಾತಾಯಿ ಅವನ ಮಾತನ್ನು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು ಬಂದು ಹಿತ್ತಿಲಲ್ಲಿ ಕೂತು ಅತ್ತಳು.

ನಮ್ಮ ಮಾವ ಬೊಂಬೆ ಕಡೆಯುವವರು. ಆಲೆಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಉಳಿ ಹಿಡಿದು, ಬುಗುರಿ, ಗಿಲಕಿ ಮಾಡುತ್ತಲೇ ಕೂದಲು ಹಣ್ಣಾದವರು. ಮಾತು ಕಡಿಮೆ. ನನ್ನ ಕಾರಿನಲ್ಲಿ ಒಮ್ಮೆಯೂ ಕೂತವರಲ್ಲ. ಅವತ್ತು ಹಿತ್ತಿಲಿಗೆ ಬಂದು, ನಾನು ಮೂಗೊರೆಸಿಕೊಂಡು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಆಡ್ತಿರೋದು ಮರವೋ ಲೇತೋ ಅಂತ ನೋಡ್ದೆ ಯಾರಾದ್ರೂ ಲೇತ್ ಎಸೀತಾರೇನವ್ವ? ಬಾ, ಒಸಿ ನೋಡವ," ಅಂದರು.

ಮೊದಲು ನನ್ನ ಕೈಯಿಂದಲೇ ಬೆಲ್ಟು ಬಿಚ್ಚಿಸಿದರು. ನನಗೆ ಕೀಲಿ ತಿರುಗಿಸಲು ಹೇಳಿ, ಲೇತಿನ ಮುಂದೆ ಉಳಿ ಹಿಡಿಯುವ ಹಾಗೆಯೇ ಒಂದು ಮರದ ದಿಮ್ಮಿಯ ಮೇಲೆ ಕೈ ಆನಿಸಿ, ತಿರುಗುವ ಪುಲ್ಲಿಯ ಅಂಚಿಗೆ ಸೀಮೆಸುಣ್ಣವನ್ನು ತಾಗಿಯೂ ತಾಗದ ಹಾಗೆ ಹಿಡಿದರು. ಎಂಜಿನ್ ನಿಲ್ಲಿಸಿ ನೋಡಿದರೆ ಅರ್ಧ ಅಂಚಿಗೆ ಮಾತ್ರ ಬಿಳಿ ಗೆರೆ ಬಿದ್ದಿತ್ತು. ಎರಡನೇ ಸಲ ಪುಲ್ಲಿಯ ನಡುಭಾಗಕ್ಕೆ ಹಿಡಿದರು. ಸುತ್ತಲೂ ಒಂದೇ ಸಮನಾದ ಬಿಳಿ ಬಳೆ! ಶಾಫ್ಟು ಬಾಗಿದ್ದರೆ ನಡುಭಾಗವೂ ಓಲಾಡಬೇಕಿತ್ತಲ್ಲ? ಶಾಫ್ಟು ನೆಟ್ಟಗೇ ಇತ್ತು. ಪುಲ್ಲಿಯ ನಡುಭಾಗಕ್ಕೂ ಅಂಚಿನ ಕಬ್ಬಿಣದ ಬಳೆಗೂ ಮಧ್ಯೆ ಕೂರಿಸಿದ ರಬ್ಬರು ಹರಿದಿತ್ತು, ಅಷ್ಟೆ. ಹೊಸ ಪುಲ್ಲಿ ಹಾಕಿದರೆ ಮುಗಿಯಿತು. ಅಯ್ಯೋ ನನ್ನ ಬುದ್ಧಿಗಿಷ್ಟು, ಕಾರ್ಖಾನೆಯಲ್ಲಿ ನಾನು ದಿನಾ ಮಾಡುತ್ತಿದ್ದುದು ಇದನ್ನೇ ಅಲ್ಲವೇ?

ಅಷ್ಟರಲ್ಲಿ ಅತ್ತೆಯೂ ಯಜಮಾನರೂ ಹೊರಗೆ ಬಂದರು. ಮಾವ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾ, "ಪುಲ್ಲಿ ಒಂದೇ ಕೆಟ್ಟೈತೆ. ನಿನ್ ಸೊಸೆನೇ ಕಂಡ್ಹಿಡಿದ್ಲು," ಎಂದು ಅತ್ತೆಗೆ ಹೇಳಿದರು. ನಾನು ಬಾಯಿ ತೆರೆಯುವ ಮೊದಲೇ ಲೇತಿನ ಕಡೆ ನಡೆದುಬಿಟ್ಟಿದ್ದರು. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕೆಲಸ ಬಿಡುವ ಮಾತು ಮತ್ತೆ ನಮ್ಮ ಮನೆಯಲ್ಲಿ ಏಳಲಿಲ್ಲ. ನಾನೋ, ಕ್ಯಾಂಟೀನಿನಲ್ಲಿ, ಮದುವೆಮನೆಯಲ್ಲಿ ಈ ಸಾಹಸವನ್ನು ಬಣ್ಣ ಕಟ್ಟಿ ಹೇಳಿದ್ದೇ ಹೇಳಿದ್ದು. ಮಾವ ಎದುರಿಗಿದ್ದರೂ ಹೇಳಿದೆ. ಅವರು ಎಲೆಯಡಿಕೆ ಜಗಿಯುತ್ತಾ ತಲೆದೂಗುತ್ತಿದ್ದರು.

ಇವತ್ತು ಆರಿದ ಕಾಫಿ ಚೆಲ್ಲಿ, ಜಗಲಿಯಲ್ಲಿ ಬಿಸಿಲು ಕಾಯಿಸುತ್ತಿದ್ದ ಅವರ ಪಕ್ಕ ಕೂತು ಕೇಳಿಯೇ ಬಿಟ್ಟೆ: ಅವತ್ತು ಯಾಕೆ ಮಾವ ಹಾಗೆ ಹೇಳಿದಿರಿ?

"ನಾನ್ ಕಂಡ್ಹಿಡಿದೆ ಅಂದಿದ್ರೆ ಕಾರು ಉಳ್ಕೋತಿತ್ತು ಕಣವ್ವ," ಅಂದರು. "ನಿನ್ ಕೆಲ್ಸ ಉಳೀತಿರ್ಲಿಲ್ಲ."

ನನಗೆ ಅಳುವೂ ಬಂತು, ನಗುವೂ ಬಂತು. ಎದ್ದು ಅಡುಗೆಮನೆಗೆ ಹೋಗಿ ಅತ್ತೆಗೆ ನಿಜ ಹೇಳಿದೆ.