ಕಿತ್ತಳೆ ಬುಟ್ಟಿಗೆ ಕೊಂಕು ತೆಗೆದ ಸವಾರಿ

ಕೊಡಗು ಇನ್ನೂ ಮೈಸೂರಿಗೆ ಸೇರದೆ ತನ್ನದೇ ಒಂದು ರಾಜ್ಯವಾಗಿದ್ದ ಕಾಲ. ಹಾಸನದ ಕಡೆಯಿಂದ ಬರಿಗೈಯಲ್ಲಿ ಬಂದು ಕುಶಾಲನಗರದಲ್ಲಿ ನಿಂತ ನಾನು ಕಿತ್ತಳೆ ವ್ಯಾಪಾರದಲ್ಲಿ ಆಗಲೇ ಒಂದು ಮಟ್ಟಕ್ಕೆ ಬಂದಿದ್ದೆ. ಮೊದಲು ತಲೆಹೊರೆ, ಆಮೇಲೆ ಎತ್ತಿನ ಗಾಡಿ, ಆಮೇಲೆ ಲಾರಿಗೆ ಲೋಡು. ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಆದರೆ ಊರಿನಲ್ಲಿ ನಾನು ಎದುರಾದರೆ ಮಾತು ನೇರ ದರಕ್ಕೆ ಹೋಗುತ್ತಿತ್ತು. ಎಲ್ಲರಿಗೂ ನಾನು ‘ಸಾವ್ಕಾರ್ರು’. ಹಬ್ಬಕ್ಕೆ ಬನ್ನಿ ಅಂತ ಒಬ್ಬರೂ ಕರೆದವರಲ್ಲ. ನನ್ನ ಹೆಂಡತಿಯನ್ನು ಬಾವಿಕಟ್ಟೆಯಲ್ಲಿ ಮಾತಾಡಿಸುವವರೂ ಕಡಿಮೆ. ವ್ಯಾಪಾರ ನಡೆದರೆ ಉಳಿದದ್ದು ತಾನಾಗಿ ಬರುತ್ತದೆ ಎಂದು ಅವಳಿಗೆ ಹೇಳುತ್ತಿದ್ದೆ. ಬರಲಿಲ್ಲ.

ಅಂಥದ್ದರಲ್ಲಿ ಶಾಲೆಯ ಮೇಷ್ಟ್ರೊಬ್ಬರು, ಸೈಕಲ್ ಇದ್ದವರೆಲ್ಲ ಸೇರಿ ಒಂದು ಭಾನುವಾರ ಮಾದಾಪುರದ ತನಕ ಗುಂಪಾಗಿ ಹೋಗಿಬರೋಣ ಎಂಬ ಮಾತು ಎತ್ತಿದರು. ನಮ್ಮ ಕಡೆ ಅಲ್ಲಿಯವರೆಗೆ ಯಾರೂ ಮಾಡದಿದ್ದ ಕೆಲಸ. ಕೆಲಸವಿಲ್ಲದೆ ಸುಮ್ಮನೆ ಸೈಕಲ್ ತುಳಿಯುವುದುಂಟೇ ಎಂದು ಪೇಟೆಯೆಲ್ಲ ನಕ್ಕಿತು. ನಾನೂ ನಕ್ಕೆ. ಮೇಷ್ಟ್ರು ಅಂಗಡಿಗೇ ಬಂದು, “ಒಬ್ಬರ ಮುಖ ಒಬ್ಬರು ಸಂತೇಲಿ ನೋಡಿದ್ದು ಸಾಕು. ಅವರ ಮನೆ ಅಂಗಳದಲ್ಲಿ ನೋಡೋಣ. ನೀವೂ ಬನ್ನಿ ಅಣ್ಣ,” ಎಂದರು.

ಅಣ್ಣ ಎಂದರಲ್ಲ, ಅದಕ್ಕೆ ಹೊರಟೆ. ಬೇರೆ ಕಾರಣ ಹುಡುಕುವುದು ಬೇಡ.

ಮಂಜಿನಲ್ಲಿ ಸಾಲಾಗಿ ಹೊರಟೆವು. ಮುಂದೆ ಮೇಷ್ಟ್ರು, ಕೊರಳಲ್ಲಿ ಸೀಟಿ. ಅವರು ಊದಿದರೆ ನಿಲ್ಲಬೇಕು, ಯಾರೂ ಅವರನ್ನು ದಾಟುವಂತಿಲ್ಲ. ನನ್ನ ಹಿಂದೆ ಎಸ್ಟೇಟೊಂದರ ಲೆಕ್ಕ ಬರೆಯುವ ರೈಟರು, ಬಾಯಿ ಸುಮ್ಮನಿರದ ಮನುಷ್ಯ. ಸುಂಟಿಕೊಪ್ಪದ ಏರಿನಲ್ಲಿ ನಾನು ಏದುಸಿರು ಬಿಡುವುದನ್ನು ಕೇಳಿ, “ಎಂತ ಸಾವ್ಕಾರ್ರೇ, ಉಸಿರಿಗೂ ಚೌಕಾಸಿಯಾ?” ಎಂದ. ಎಲ್ಲರೂ ನಕ್ಕರು. ನಾನೂ ಸೀಟಿನಿಂದ ಇಳಿದು ನಕ್ಕೆ. ಏರು ಹತ್ತುವವರಿಗೆ ನಾನು ಹೇಳುವುದೊಂದೇ: ಮರ್ಯಾದೆ ನೋಡಬೇಡಿ, ಇಳಿದು ತಳ್ಳಿ. ಅವತ್ತು ಎಲ್ಲರೂ ತಳ್ಳಿದೆವು. ತಳ್ಳುತ್ತ ತಳ್ಳುತ್ತ ಮಾತು ಬೆಳೆಯಿತು. ಒಬ್ಬರ ಚೈನು ಬಿದ್ದಾಗ ಹಾಕಿಕೊಟ್ಟೆ, ಇನ್ನೊಬ್ಬರ ಬ್ರೇಕು ಬಿಗಿಮಾಡಿದೆ. ಸುಂಟಿಕೊಪ್ಪದಲ್ಲಿ ಟೀ ಕುಡಿಯುವ ಹೊತ್ತಿಗೆ ರೈಟರೂ, “ಅಣ್ಣ, ಇತ್ಲಾಗೆ ಬನ್ನಿ, ಇಲ್ಲಿ ಬಿಸಿಲುಂಟು,” ಎಂದು ಬೆಂಚಿನಲ್ಲಿ ಜಾಗ ಬಿಟ್ಟಿದ್ದ. ಇಷ್ಟು ವರ್ಷದಲ್ಲಿ ಸಿಗದಿದ್ದದ್ದು ಒಂದು ಏರಿನಲ್ಲಿ ಸಿಕ್ಕಿತು ಅನ್ನಿಸಿತು.

ಆ ಖುಷಿಯಲ್ಲೇ ಬುದ್ಧಿ ಹೇಳಲು ಶುರುಮಾಡಿದೆ. “ನೋಡಿ, ಮುಂದೆ ಎಲ್ಲ ಕಿತ್ತಳೆ ತೋಟ. ಪೇಟೆಯವರು ಸೈಕಲ್‌ನಲ್ಲಿ ಬಂದಿದ್ದಾರೆ ಅಂದ್ರೆ ಹಣ್ಣು ತೋರ್ಸಿ ಎರಡರಷ್ಟು ಕೇಳ್ತಾರೆ. ಯಾರೂ ಹೊಗಳಬೇಡಿ. ಮುಖ ಸಪ್ಪಗೆ ಇಟ್ಕೊಳ್ಳಿ. ಮಾತು ನನಗೆ ಬಿಡಿ.” ಇದು ನನ್ನಿಂದ ಅವರಿಗೆಲ್ಲ ಒಂದು ಉಪಕಾರ ಎಂದೇ ತಿಳಿದಿದ್ದೆ. ಮೇಷ್ಟ್ರು ಅಷ್ಟು ಹೊತ್ತಿಗೆ ಯಾರದೋ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದರು, ಕೇಳಿಸಿಕೊಳ್ಳಲಿಲ್ಲ.

ಮಾದಾಪುರ ಇನ್ನೂ ಸ್ವಲ್ಪ ದೂರ ಇರುವಾಗ ಸೀಟಿ ಊದಿದರು. ರಸ್ತೆಯ ಮೇಲಿನ ಒಂದು ಮನೆಗೆ ಅವರು ಮೊದಲೇ ಹೇಳಿಕಳಿಸಿದ್ದರಂತೆ. ಗಂಡನಿಲ್ಲದೆ ತಾನೇ ತೋಟ ನೋಡಿಕೊಳ್ಳುತ್ತಿದ್ದ ಒಬ್ಬ ಹಿರಿಯಮ್ಮ. ಚೊಚ್ಚಲ ಹೆರಿಗೆಗೆ ಬಂದ ಮಗಳು ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದಳು. ಅಂಗಳಕ್ಕೆ ಚಾಪೆ ಹಾಸಿ ಅಕ್ಕಿರೊಟ್ಟಿ, ಚಟ್ನಿ, ಬೆಲ್ಲದ ಕಾಪಿ ಕೊಟ್ಟರು. ನನ್ನ ಎಲೆಯ ಹತ್ತಿರ ನಿಂತು ಆಯಮ್ಮ, “ಇನ್ನೊಂದು ಹಾಕ್ಕಳೋ ಮಗ, ಇಷ್ಟು ದೂರ ತುಳ್ಕೊಂಡು ಬಂದಿದ್ದೀಯ,” ಎಂದರು. ಹಾಕಿಸಿಕೊಂಡೆ.

ಕೈ ತೊಳೆದು ಸೈಕಲ್‌ಗಳ ಹತ್ತಿರ ಬಂದಾಗ ಆಳೊಬ್ಬ ದೊಡ್ಡ ಬುಟ್ಟಿ ಕಿತ್ತಳೆ ತಂದು ನಮ್ಮ ಮುಂದೆ ಇಳಿಸಿದ. ಆಯಮ್ಮ ಹಿಂದೆಯೇ ಬಂದು ನಿಂತರು. ನನಗೆ ಸಂತೆಯ ಬುಟ್ಟಿ ಕಂಡಿತು. ಬೇರೆ ಏನೂ ಕಾಣಲಿಲ್ಲ. ಒಂದು ಹಣ್ಣು ಎತ್ತಿ ಹೆಬ್ಬೆರಳಲ್ಲಿ ಒತ್ತಿ, ಕೈಯಲ್ಲಿ ತೂಗಿ, ವಾಪಸ್ ಬುಟ್ಟಿಗೆ ಹಾಕಿದೆ.

“ಸಿಪ್ಪೆ ದಪ್ಪ. ಒಳಗೆ ಸೊಳೆ ಒಣಗಿರುತ್ತೆ. ಬಿಸಿಲು ಸಾಲದ ಕಡೆ ಬೆಳೆದದ್ದು, ಹುಳಿ ಇರುತ್ತೆ. ಇಂಥದ್ದು ನಮ್ಮ ಪೇಟೇಲಿ ದನಾನೂ ಮೂಸಲ್ಲ ಅಮ್ಮ.”

ಇದು ಕೊಳ್ಳುವವನ ಮೊದಲ ಮಾತು. ಮಾರುವವರು ಇದಕ್ಕೆ ರೇಗುತ್ತಾರೆ, ನಾನು ಹೊರಡುವ ಹಾಗೆ ಮಾಡುತ್ತೇನೆ, ಅಲ್ಲಿಂದ ದರ ಇಳಿಯುತ್ತದೆ. ಸಂತೆಯ ಹೆಂಗಸರೆಲ್ಲ ಬಲ್ಲ ಆಟ. ಉಳಿದವರು ನಾನು ಹೇಳಿಕೊಟ್ಟ ಹಾಗೆ ಮುಖ ಸಪ್ಪಗೆ ಮಾಡಿ ನಿಂತಿದ್ದರು.

ಆಯಮ್ಮ ರೇಗಲಿಲ್ಲ. ನಾನು ಹಾಕಿದ ಹಣ್ಣನ್ನೇ ಎತ್ತಿ ತಿರುಗಿಸಿ ನೋಡಿದರು. ಉಳಿದವರ ಮುಖಗಳನ್ನೂ ಒಮ್ಮೆ ನೋಡಿದರು. “ಹೌದೇನೋ ಕಣಪ್ಪ. ಈ ವರ್ಷ ಮಳೆ ಜಾಸ್ತಿ ಆಯ್ತು. ತಪ್ಪು ತಿಳ್ಕಬೇಡಿ,” ಎಂದು ಆಳಿನ ಕೈಯಿಂದ ಹಣ್ಣು ಕೀಳುವ ದೋಟಿ ಇಸಿದುಕೊಂಡು ಮನೆಯ ಪಕ್ಕದ ಒಂಟಿ ಮರದ ಹತ್ತಿರ ನಡೆದರು.

ಜಗಲಿಯ ಮೇಲಿದ್ದ ಮಗಳು ಎದ್ದು ಕೂತಳು. “ಅವ್ವಾ, ಅದು...”

“ಸುಮ್ನಿರು. ನಿಂಗೆ ಇನ್ನೊಂದು ವಾರಕ್ಕೆ ಮೇಲ್ಗಡೆ ಮರದ್ದು ಬತ್ತವೆ. ಅಂಗಳಕ್ಕೆ ಬಂದೋರನ್ನ ಅವರ ಬಾಯಿಗೆ ಹಿಡಿಸ್ದೇ ಇರೋದ ಕೊಟ್ಟು ಕಳ್ಸಕಾಯ್ತದಾ?”

ಬಸುರಿಯ ಬಯಕೆಗೆ ಬಿಟ್ಟಿದ್ದ ಮರ. ಮೊದಲ ಸಲ ಅಂಗಳ ತುಳಿದವರು ಬರಿಗೈಯಲ್ಲಿ ಹೋಗಬಾರದೆಂಬುದು ಆ ಮನೆಯ ನಡವಳಿಕೆ. ಮೇಷ್ಟ್ರು ನನ್ನ ಕಿವಿಯ ಹತ್ತಿರ ಬಂದು ಇಷ್ಟನ್ನೂ ಹಲ್ಲು ಕಚ್ಚಿಕೊಂಡು ಹೇಳಿದರು. ನನ್ನ ಕಿವಿ ಸುಟ್ಟಿತು. ಅಷ್ಟಕ್ಕೆ ಸುಮ್ಮನಾಗಿದ್ದರೂ ಆಗುತ್ತಿತ್ತು. ಆದರೆ ಕೈಗೆ ಬೇರೆ ದಾರಿ ಗೊತ್ತಿರಲಿಲ್ಲ, ಅದು ತಾನಾಗಿ ಕೋಟಿನ ಜೇಬಿಗೆ ಹೋಯಿತು. ಆಯಮ್ಮ ಸೆರಗಿನ ತುಂಬ ಹಣ್ಣು ತಂದಾಗ ನೋಟು ಮುಂದೆ ಹಿಡಿದಿದ್ದೆ.

ಅವರು ನೋಟನ್ನು ನೋಡಿದರು, ಮುಟ್ಟಲಿಲ್ಲ.

“ಹಂಗಾರೆ ರೊಟ್ಟಿಗೆಷ್ಟು ಕೊಡ್ತೀರಿ ಸಾವ್ಕಾರ್ರೇ?”

ದನಿಯಲ್ಲಿ ಸಿಟ್ಟಿರಲಿಲ್ಲ. ಬಹುವಚನ ಮಾತ್ರ ಇತ್ತು. ಆ ಹಣ್ಣನ್ನೆಲ್ಲ ನನ್ನೊಬ್ಬನ ಚೀಲಕ್ಕೇ ಸುರಿದರು. ಉಳಿದವರ ಕಡೆ ತಿರುಗಿ, “ಬುಟ್ಟೀದು ತಗಳಿ ಮಕ್ಳಾ, ನಿಮಗೂ ಬ್ಯಾಡ್ವಾ?” ಎಂದರು. ಅವರು ಬಾಯಿತುಂಬ ಹೊಗಳುತ್ತ, ಒಬ್ಬರ ಮೇಲೊಬ್ಬರು ಬಿದ್ದು ಚೀಲ ತುಂಬಿಕೊಂಡರು. ರೈಟರು ಅಲ್ಲೇ ಒಂದನ್ನು ಸುಲಿದು ತಿಂದ. ರಸ ಮೊಣಕೈವರೆಗೆ ಇಳಿಯಿತು.

ವ್ಯಾಪಾರ ಕಲಿಯುವ ಹುಡುಗರಿಗೆ ಈಗಲೂ ಹೇಳುತ್ತೇನೆ: ಬುಟ್ಟಿ ಇಳಿಸಿದವರು ದರ ಹೇಳುವ ತನಕ ಬಾಯಿ ತೆರೆಯಬೇಡಿ. ಇದು ಲಾಭದ ಮಾತು ಎಂದುಕೊಂಡು ಅವರು ತಲೆಯಾಡಿಸುತ್ತಾರೆ.

ವಾಪಸ್ ಬರುವಾಗ ಹೆಚ್ಚಿನದು ಇಳಿಜಾರು. ತುಳಿಯುವ ಕೆಲಸವೇ ಇರಲಿಲ್ಲ, ಹಾಗಾಗಿ ಜೊತೆಯಲ್ಲಿ ತಳ್ಳುವ ಕೆಲಸವೂ ಇರಲಿಲ್ಲ. ನಾನು ಸಾಲಿನ ಕೊನೆಗೆ ಬಿದ್ದೆ. ಸುಂಟಿಕೊಪ್ಪದಲ್ಲಿ ನಿಂತಾಗ ನನ್ನ ಚೀಲ ಬಿಚ್ಚಿ ಎಲ್ಲರಿಗೂ ಹಿಡಿದೆ. ಯಾರೂ ಕೈ ಚಾಚಲಿಲ್ಲ. “ಅದು ನಿಮಗೇ ಅಂತ ಕೊಟ್ಟದ್ದು,” ಎಂದರು ಮೇಷ್ಟ್ರು. ಅಣ್ಣ ಎನ್ನಲಿಲ್ಲ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಹೆಂಡತಿ ಒಂದು ಹಣ್ಣು ಸುಲಿದು ಬಾಯಿಗಿಟ್ಟವಳೇ, “ಎಂಥಾ ಸಿಹಿ! ಎಷ್ಟಕ್ಕೆ ಇಳಿಸಿದ್ರಿ?” ಎಂದಳು.

“ದಾರೀಲಿ ಒಂದು ಮನೆಯ ಹಿರಿಯಮ್ಮ ಹಾಗೇ ಕೊಟ್ರು.”

“ಹಾಗೇ?” ಅವಳ ಮುಖ ಅರಳಿತು. ಈ ಊರಿಗೆ ಬಂದ ಮೇಲೆ ಹಾಗೆ ಅರಳಿದ್ದನ್ನು ನಾನು ನೋಡಿರಲಿಲ್ಲ. “ನಮಗೂ ಹಾಗೇ ಕೊಡೋ ಜನ ಆದ್ರು ಅನ್ನಿ. ಮುಂದಿನ ಸಲ ಹೋಗುವಾಗ ಹೇಳಿ, ಆ ಮನೆಯವರಿಗೆ ನಾನೂ ಏನಾದ್ರೂ ಮಾಡಿ ಕಳಿಸ್ತೀನಿ. ಏನು ಇಷ್ಟ ಆಯಮ್ಮಂಗೆ?”

ಸೈಕಲ್‌ಗೆ ಕೆಸರು ಹಿಡಿದಿದೆ, ತೊಳೆಯಬೇಕು ಎಂದು ಹಿತ್ತಲಿಗೆ ಹೋದೆ.